ಬಾಗಿಲ ಚೀಟಿ ಹೇಳುವ ತೂಕ

ಪಾಪ್‌ಅಪ್ ಟ್ರಕ್ ಕ್ಯಾಂಪರ್ ಎಂದರೆ ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂರುವ ಪುಟ್ಟ ಮನೆ. ಗಾಡಿ ಓಡುವಾಗ ಅದರ ಚಾವಣಿ ಕೆಳಗಿಳಿದು, ಚಾಲಕನ ಕ್ಯಾಬಿನ್‌ಗಿಂತ ತುಸುವೇ ಮೇಲಿರುತ್ತದೆ. ಗಾಡಿ ನಿಂತ ಮೇಲೆ ಚಾವಣಿಯನ್ನು ಎತ್ತಿದರೆ ಮಡಿಸಿಕೊಂಡಿದ್ದ ದಪ್ಪ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಆರಡಿ ಎತ್ತರದವರೂ ನೆಟ್ಟಗೆ ನಿಲ್ಲುವಷ್ಟು ಜಾಗವಾಗುತ್ತದೆ. ಒಲೆ, ನೀರಿನ ಟ್ಯಾಂಕು, ಕ್ಯಾಬಿನ್ ಮೇಲಕ್ಕೆ ಚಾಚಿಕೊಂಡ ಹಾಸಿಗೆ ಎಲ್ಲವೂ ಅದರೊಳಗೇ ಇರುತ್ತವೆ. ಅಮೆರಿಕದ ಯೂಟಾ, ನೆವಾಡಾ, ಕ್ಯಾಲಿಫೋರ್ನಿಯಾಗಳ ಮರುಭೂಮಿಯ ಮಣ್ಣುದಾರಿಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಗಟ್ಟಿ ಗೋಡೆಯ ಕ್ಯಾಂಪರ್‌ಗಿಂತ ಇದು ಹಗುರ, ಎದುರುಗಾಳಿಯ ಹೊಡೆತ ಕಡಿಮೆ, ಭಾರವೂ ತಗ್ಗಿನಲ್ಲಿ ನಿಲ್ಲುತ್ತದೆ. ಆದರೆ ‘ಹಗುರ’ ಎಂಬ ಈ ಮಾತೇ ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ. ಹಗುರವಾದ ಮೇಲೆ ಯಾವ ಪಿಕಪ್ ಆದರೂ ನಡೆದೀತು ಎಂದುಕೊಂಡು ಮನೆ ಮುಂದೆ ನಿಂತಿರುವ ಗಾಡಿಗೇ ಕ್ಯಾಂಪರ್ ತಂದು ಕೂರಿಸುತ್ತಾರೆ. ಲೆಕ್ಕ ಅಲ್ಲಿಂದ ಶುರುವಾಗಬಾರದು. ಮೊದಲು ಕ್ಯಾಂಪರನ್ನು ಆರಿಸಿ, ಪ್ರಯಾಣಕ್ಕೆ ಸಜ್ಜಾದಾಗ ಅದು ಎಷ್ಟು ತೂಗುತ್ತದೆ ಎಂದು ತಿಳಿದು, ಆಮೇಲೆ ಅದನ್ನು ಹೊರಬಲ್ಲ ಪಿಕಪ್ ಹುಡುಕಬೇಕು.

ನಮ್ಮ ಲಾರಿಗಳ ಪಕ್ಕದಲ್ಲಿ ಖಾಲಿ ಗಾಡಿಯ ತೂಕ, ಸರಕು ತುಂಬಿದ ತೂಕ ಎಂದು ಎರಡು ಅಂಕಿ ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಅವೆರಡರ ನಡುವಿನ ವ್ಯತ್ಯಾಸವೇ ಆ ಲಾರಿ ಹೊರಬಹುದಾದ ಹೊರೆ. ಅಮೆರಿಕದ ಪಿಕಪ್‌ಗಳಲ್ಲಿ ಇದೇ ಮಾಹಿತಿ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ: ಕೂರುವವರು ಮತ್ತು ಸಾಮಾನು ಎರಡೂ ಸೇರಿ ಇಷ್ಟು ಕಿಲೋ ಮೀರಬಾರದು. ಜಾಹೀರಾತಿನಲ್ಲಿ ಮಿಂಚುವ ಅಂಕಿ ಇದಲ್ಲ. ಅಲ್ಲಿ ಕಾಣುವುದು ಸಾಮಾನ್ಯವಾಗಿ ಗಾಡಿ ಎಷ್ಟು ಎಳೆಯಬಲ್ಲದು ಎಂಬುದು. ಎಳೆಯುವ ಟ್ರೈಲರ್‌ನ ಬಹುಪಾಲು ಭಾರವನ್ನು ಟ್ರೈಲರ್‌ನ ಗಾಲಿಗಳೇ ಹೊರುತ್ತವೆ. ಕ್ಯಾಂಪರ್‌ನ ಭಾರವಾದರೋ ಪೂರ್ತಿ ಪಿಕಪ್‌ನ ಬೆನ್ನ ಮೇಲೆ. ‘ಹಾಫ್ ಟನ್’, ‘ಒನ್ ಟನ್’ ಎಂಬ ಹೆಸರುಗಳನ್ನೂ ನಂಬುವಂತಿಲ್ಲ. ಒಂದು ಕಾಲದಲ್ಲಿ ಹೊರೆಯನ್ನೇ ಸೂಚಿಸುತ್ತಿದ್ದ ಆ ಹೆಸರುಗಳು ಈಗ ಬರೀ ವರ್ಗದ ಗುರುತು. ಒಂದೇ ಮಾದರಿಯಲ್ಲೂ ನಾಲ್ಕು ಬಾಗಿಲು, ನಾಲ್ಕು ಗಾಲಿಗಳಿಗೂ ಎಂಜಿನ್ ಬಲ, ಗಾಜಿನ ಚಾವಣಿ ಎಂದು ಸೌಕರ್ಯ ಹೆಚ್ಚಿದಂತೆ ಗಾಡಿಯೇ ಭಾರವಾಗಿ ಹೊರುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಓದಬೇಕಾದದ್ದು ಕೊಳ್ಳಲಿರುವ ಗಾಡಿಯ ಬಾಗಿಲಲ್ಲೇ ಇರುವ ಚೀಟಿಯನ್ನು.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಕ್ಯಾಂಪರ್‌ನ ಖಾಲಿ ತೂಕ 500 ಕಿಲೋ ಎಂದಿಟ್ಟುಕೊಳ್ಳಿ. 75 ಲೀಟರ್ ನೀರು ತುಂಬಿದರೆ 75 ಕಿಲೋ. ಅಡುಗೆಗೂ ಹೀಟರ್‌ಗೂ ಬೇಕಾದ ಪ್ರೊಪೇನ್ ಸಿಲಿಂಡರ್, ಅನಿಲವೂ ಸೇರಿ, ಸುಮಾರು 17 ಕಿಲೋ. ಸೀಸದ ಬ್ಯಾಟರಿಗೆ 30, ಫ್ರಿಜ್, ಬಿಸಿಲುಮರೆಯಂಥ ಹೆಚ್ಚುವರಿ ಸಾಮಾನಿಗೆ 60. ದಿನಸಿ, ಬಟ್ಟೆ, ಪಾತ್ರೆ, ಸಲಕರಣೆಗಳಿಗೆ 80. ಇಬ್ಬರು ಮನುಷ್ಯರಿಗೆ 140. ಕೂಡಿದರೆ 902 ಕಿಲೋ! ಬಾಗಿಲ ಚೀಟಿ 600 ಕಿಲೋ ಎನ್ನುವ ಮಧ್ಯಮ ಗಾತ್ರದ ಪಿಕಪ್‌ಗೆ ಇದು 302 ಕಿಲೋ ಹೆಚ್ಚಾಯಿತು. 800 ಕಿಲೋ ಹೊರುವ ಹಾಫ್ ಟನ್ ಗಾಡಿಗೂ ಭಾರವೇ. ಮಾರುವವರು ಹೇಳುವ 500ಕ್ಕೂ ರಸ್ತೆಗಿಳಿಯುವ 902ಕ್ಕೂ ನಡುವೆ ಇರುವುದು ನೀರು, ಅನ್ನ, ಮನುಷ್ಯರು. ಅವನ್ನು ಬಿಟ್ಟು ಪ್ರವಾಸವೇ ಇಲ್ಲ.

ತೂಕ ಎಷ್ಟು ಎಂಬುದರಷ್ಟೇ ಮುಖ್ಯ, ಅದು ಎಲ್ಲಿ ಕೂರುತ್ತದೆ ಎಂಬುದು. ಎತ್ತಿನ ಗಾಡಿ ಹೂಡಿದವರಿಗೆ ಹಿಂಭಾರದ ಅಪಾಯ ಗೊತ್ತು: ಹೊರೆ ಹಿಂದಕ್ಕೆ ಜರುಗಿದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಹೆಗಲು ಬಿಡುತ್ತದೆ. ಪಿಕಪ್‌ನಲ್ಲೂ ಅಷ್ಟೆ. ಕ್ಯಾಂಪರ್‌ನ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಮುಂದೆ ಬೀಳಬೇಕು. ಐದೂವರೆ ಅಡಿಯ ತೊಟ್ಟಿಗೆ ಎಂಟಡಿಯ ಕ್ಯಾಂಪರ್ ಹೇರಿದರೆ ಕೇಂದ್ರ ಹಿಂದೆ ಸರಿದು ಮುಂದಿನ ಗಾಲಿಗಳ ಮೇಲಿನ ಭಾರ ಇಳಿಯುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಬ್ರೇಕ್ ಒತ್ತಿದರೆ ಮುಂದಿನ ಟೈರ್‌ಗಳಿಗೆ ಬೇಕಾದಷ್ಟು ಹಿಡಿತ ಸಿಗುವುದಿಲ್ಲ. ಹಾಗಾಗಿ ತೊಟ್ಟಿಯ ಅಳತೆ ಬರೀ ಜಾಗದ ಪ್ರಶ್ನೆಯಲ್ಲ.

ಹಿಂದಿನ ಕಮಾನು ಪಟ್ಟಿಗಳಿಗೆ ಇನ್ನೊಂದು ಪಟ್ಟಿ ಸೇರಿಸಿದರೆ, ಇಲ್ಲವೇ ಗಾಳಿಚೀಲ ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕುಸಿದ ಗಾಡಿ ಅದರಿಂದ ಮಟ್ಟಸವಾಗುತ್ತದೆ, ಓಲಾಟ ಕಡಿಮೆಯಾಗುತ್ತದೆ, ನಿಜ. ಆದರೆ ಬ್ರೇಕ್, ಆಕ್ಸಲ್, ಬೇರಿಂಗ್, ಚಾಸಿ ಮೊದಲಿದ್ದವೇ ಉಳಿಯುತ್ತವೆ. ಬಾಗಿಲ ಚೀಟಿಯ ಅಂಕಿ ಒಂದು ಕಿಲೋ ಕೂಡ ಏರುವುದಿಲ್ಲ. ಹೆಚ್ಚು ಹೊರೆ ಹೊತ್ತೂ ಎಷ್ಟೋ ಜನ ಸುಖವಾಗಿ ಓಡಾಡುತ್ತಿದ್ದಾರಲ್ಲ ಎಂಬುದು ಮತ್ತೊಂದು ಮಾತು. ತಯಾರಕರು ಒಂದಿಷ್ಟು ಅಂಚು ಬಿಟ್ಟೇ ಮಿತಿ ಹಾಕುತ್ತಾರೆ, ಅದನ್ನು ಒಪ್ಪೋಣ. ಆ ಅಂಚು ಇರುವುದು ಸಿಯೆರಾ ನೆವಾಡಾದ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ, ಟೈರ್‌ನ ಗಾಳಿ ಇಳಿದಾಗ, ಎದುರಿಗೆ ಜಿಂಕೆ ಹಾರಿದಾಗ. ಮನೆಯಿಂದ ಹೊರಡುವಾಗಲೇ ಅದನ್ನು ಖರ್ಚು ಮಾಡಿದರೆ ಆ ಗಳಿಗೆಗೆ ಏನೂ ಉಳಿಯದು.

ಹಾಗಾದರೆ ಎಲ್ಲರೂ ದೊಡ್ಡ ಒನ್ ಟನ್ ಗಾಡಿಯನ್ನೇ ಕೊಳ್ಳಬೇಕೇ? ಬೇಡ. ಅದರ ಬೆಲೆಯೂ ಇಂಧನದ ಖರ್ಚೂ ಹೆಚ್ಚು. ಖಾಲಿ ಓಡುವಾಗ ಕುಲುಕಾಟ ಜಾಸ್ತಿ, ಇಕ್ಕಟ್ಟಿನ ಕಾಡುದಾರಿಯಲ್ಲಿ ತಿರುಗಿಸುವುದು ಕಷ್ಟ. ಚಿಕ್ಕ ಗಾಡಿಯೇ ಬೇಕೆನ್ನುವವರು ಕ್ಯಾಂಪರನ್ನೂ ಚಿಕ್ಕದು ಮಾಡಿಕೊಳ್ಳಲಿ. ಒಳಗೆ ಒಲೆ, ಫ್ರಿಜ್ ಇಲ್ಲದ ಬರಿಯ ಗೂಡು ಸಿಗುತ್ತದೆ. ಲಿಥಿಯಂ ಬ್ಯಾಟರಿ ಸೀಸದ್ದಕ್ಕಿಂತ ಬಹಳ ಹಗುರ. ನೀರನ್ನು ತಂಗುವ ಜಾಗದ ಹತ್ತಿರ ತುಂಬಿಕೊಳ್ಳಬಹುದು. ಆಮೇಲೆ ಎಲ್ಲ ಸಾಮಾನು ತುಂಬಿ, ಮನೆಯವರನ್ನು ಕೂರಿಸಿಕೊಂಡು, ಹೆದ್ದಾರಿ ಬದಿಯ ವೇಬ್ರಿಜ್ ಮೇಲೆ ಗಾಡಿ ನಿಲ್ಲಿಸಬೇಕು. ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ಎಂದು ಅದು ಬೇರೆ ಬೇರೆಯಾಗಿ ಹೇಳುತ್ತದೆ. ಆ ಅಂಕಿಗಳು ಗಾಡಿಯ ಮಿತಿಯೊಳಗೆ ನಿಂತರೆ ಮಾತ್ರ ಕ್ಯಾಂಪರಿಗೂ ಪಿಕಪ್‌ಗೂ ಜೋಡಿ ಕೂಡಿತು ಎನ್ನಬಹುದು.