ಬಚ್ಚಲ ನೀರು, ಹೀರೆಯ ಬಳ್ಳಿ

ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಸೀಮೆಯಲ್ಲಿ ಮನೆಯ ಹಿಂದಿನ ಕಾಯಿಪಲ್ಲೆಯ ಜಾಗಕ್ಕೆ ಎರಡು ಹೆಸರು. ಕನ್ನಡ ಮಾತಾಡುವವರಿಗೆ ಅದು ಹಿತ್ತಲು, ಮರಾಠಿ ಮಾತಾಡುವವರಿಗೆ ಪರಸಬಾಗ. ಇಲ್ಲಿನ ಪುಂಡಿಪಲ್ಲೆ ಓಣಿ ದಾಟಿದರೆ ಅಂಬಾಡಿ, ತೆಲುಗರ ಮನೆಯಲ್ಲಿ ಗೋಂಗೂರ. ಹೀರೆಕಾಯಿ ದೋಡಕಾ ಆಗುತ್ತದೆ, ಚವಳಿಕಾಯಿ ಗವಾರ ಆಗುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ, ಭಾಲ್ಕಿ, ಔರಾದ ಮೈಸೂರಿಗೂ ಹೋದವು. ನಂಟಸ್ತನ ಮಾತ್ರ ಗಡಿ ನೋಡಲಿಲ್ಲ. ತವರಿನ ಹೀರೆಬೀಜ ಸೆರಗಿನ ಗಂಟಿನಲ್ಲಿ ಅತ್ತೆಯ ಮನೆಗೆ ಹೋಗುತ್ತಲೇ ಇತ್ತು.

ಈ ಹಿತ್ತಲಿಗೆ ನಿಜವಾದ ಪರೀಕ್ಷೆ ಬೇಸಿಗೆಯ ಆರಂಭದಲ್ಲಿ. ಶಿವರಾತ್ರಿಯ ಆಸುಪಾಸಿನಲ್ಲಿ ಊರಿದ ಹೀರೆ, ಸೋರೆ, ಹಾಗಲದ ಬಳ್ಳಿಗಳು ಯುಗಾದಿ ಕಳೆಯುವ ಹೊತ್ತಿಗೆ ಚಪ್ಪರ ಹತ್ತಿರುತ್ತವೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವುದೂ ಆಗಲೇ. ಮೃಗಶಿರಾ ಮಳೆಗೆ ಇನ್ನೂ ಎರಡು ತಿಂಗಳು ಇರುತ್ತದೆ.

ಸೀಮೆಯ ಬಹುಭಾಗ ಎರೆಭೂಮಿ. ಈ ಮಣ್ಣಿನ ಗುಣವೇ ವಿಚಿತ್ರ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬಿರುಕು ಬಿಡುವಾಗ ಎಳೆಯ ಬೇರುಗಳೂ ಹರಿಯುತ್ತವೆ. ಆಮೇಲೆ ಕೊಡಗಟ್ಟಲೆ ನೀರು ಸುರಿದರೂ ಅದು ಬಿರುಕಿನಲ್ಲಿ ಇಳಿದು ಹೋಗುತ್ತದೆ. ಬೇರಿಗೆ ಸಿಕ್ಕುವುದು ಅಲ್ಪ. ಅದಕ್ಕೇ ತಿಳಿದವರು ನೀರಿಗಿಂತ ಮೊದಲು ಖುರಪಿ ಹಿಡಿಯುತ್ತಾರೆ. ಮೇಲಿನ ಎರಡು ಬೆರಳು ಮಣ್ಣನ್ನು ಕೆದರಿ ಪುಡಿ ಮಾಡಿದರೆ ಬಿರುಕು ಮುಚ್ಚುತ್ತದೆ, ಒಳಗಿನ ತೇವ ಮೇಲೇರಿ ಆರಿಹೋಗುವುದೂ ತಗ್ಗುತ್ತದೆ. ಅದರ ಮೇಲೆ ಕಬ್ಬಿನ ರವದಿಯನ್ನೋ ಒಣಗಿದ ಎಲೆಗಳನ್ನೋ ಹರಡಬೇಕು. ಬೀದರ್ ನಗರದ ಕಡೆಯ ಜಂಬಿಟ್ಟಿಗೆ ಕೆಮ್ಮಣ್ಣಿನ ಕಥೆಯೇ ಬೇರೆ. ಅಲ್ಲಿ ನೀರು ನಿಲ್ಲದೆ ಇಳಿಯುತ್ತದೆ, ಆ ನೆಲದಡಿಯ ನೀರನ್ನು ಊರಿಗೆ ಹರಿಸಲೆಂದೇ ಬಹಮನಿ ಕಾಲದಲ್ಲಿ ನೌಬಾದದ ಕರೇಜ್ ಸುರಂಗ ಕೊರೆದರು. ಸಾಯಗಾಂವದ ಹಿತ್ತಲಿಗೆ ಸುರಂಗವಿಲ್ಲ, ಬಚ್ಚಲಿದೆ.

ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸುವು ಹಚ್ಚುವುದು ಹಳೆಯ ರೂಢಿ. ಸೀಗೆಕಾಯಿ, ಕಡಲೆಹಿಟ್ಟಿನಲ್ಲಿ ಮಿಂದ ನೀರು, ಬೂದಿಯಲ್ಲಿ ಪಾತ್ರೆ ತಿಕ್ಕಿದ ನೀರು ಗಿಡಕ್ಕೆ ಹೆಚ್ಚು ಕೇಡು ಮಾಡುತ್ತಿರಲಿಲ್ಲ. ಬೂದಿಯಲ್ಲಿ ಒಂದಿಷ್ಟು ಪೊಟ್ಯಾಶ್ ಸಹ ಇರುತ್ತದೆ. ಈಗ ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಿಯಂ ಲವಣಗಳಿವೆ. ಸೋಡಿಯಂ ಹೆಚ್ಚಾದರೆ ಎರೆಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಚದುರಿ, ಸೂಕ್ಷ್ಮ ರಂಧ್ರಗಳು ಮುಚ್ಚಿ, ನೆಲ ಹೆಂಚಿನಂತೆ ಗಟ್ಟಿಯಾಗುತ್ತದೆ. ‘ನೀರು ಹಾಕಿದರೂ ಗಿಡ ಬಾಡುತ್ತದಲ್ಲ’ ಎಂದು ಕೇಳುವವರು ಮೊದಲು ಬಚ್ಚಲು ನೋಡಿಕೊಳ್ಳಬೇಕು. ಒಗೆದ ನೀರನ್ನು ಬೇರೆ ಕಡೆ ತಿರುಗಿಸಿ, ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಳ್ಳಿಗೆ ಉಳಿಸಿದರೆ ಸಾಕು.

ಇನ್ನೊಂದು ದೂರು ‘ಹೂ ಬಹಳ, ಕಾಯಿ ಇಲ್ಲ’ ಎಂಬುದು. ಹೀರೆ, ಸೋರೆಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವವು ಗಂಡು ಹೂಗಳು. ಸೆಖೆ ಹೆಚ್ಚಿದಷ್ಟೂ ಅವುಗಳ ಪಾಲು ಹೆಚ್ಚು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣುತ್ತದೆ. ಎರಡೂ ಬಳ್ಳಿಗಳ ಹೂ ಅರಳುವುದು ಸಂಜೆ. ಹುಳುಗಳು ಬಾರದ ಮನೆಯಲ್ಲಿ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸಬೇಕು. ಶಾಲೆಯಿಂದ ಬಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಜೆಯ ಕೆಲಸ ನನಗೆ ತೋಚುವುದಿಲ್ಲ.

ಕೋತಂಬರಿ, ಮೆಂತೆಯ ಮೇಲೆ ಈ ದಿನಗಳಲ್ಲಿ ನೀರು ಸುರಿಯುವುದು ವ್ಯರ್ಥ. ಸೆಖೆಗೆ ಅವು ಎಲೆ ಬಿಡುವುದನ್ನು ಮರೆತು ತೆನೆ ಎತ್ತುತ್ತವೆ. ಟೊಮೆಟೊ ಹೂ ಉದುರಿಸುತ್ತದೆ. ರಾಜಗಿರಿ ಮಾತ್ರ ಬಿಸಿಲನ್ನೇ ಉಂಡು ಬೆಳೆಯುವ ಜಾತಿ. ಪುಂಡಿಯೂ ಹಾಗೆಯೇ; ಹಗಲು ದೀರ್ಘವಿರುವ ತನಕ ಅದು ಹೂವಿಗೆ ಹೋಗದೆ ಎಲೆ ಕೊಡುತ್ತದೆ.

ಆದರೆ ನೀರು ಹೊರುವವರು ಯಾರು? ಕಾಯಿ ಹಿಡಿದ ಒಂದು ಬಳ್ಳಿಗೆ ಬೇಸಿಗೆಯಲ್ಲಿ ದಿನಕ್ಕೆ ಒಂದು ಕೊಡ ಎಂದು ಹಿಡಿದರೂ ಐದು ಬಳ್ಳಿಗೆ ಐದು ಕೊಡ. ನಳ ಬಾರದ ದಿನ ಅದು ಮನೆಯ ಸೊಸೆಯ ತಲೆಯ ಮೇಲೆ, ಇಲ್ಲವೇ ಸೊಂಟದ ಮೇಲೆ ಬರುತ್ತದೆ. ಎಮ್ಮೆಗೆ, ಅಡುಗೆಗೆ, ಬಳ್ಳಿಗೆ ಎಂದು ಪಾಲು ಹಂಚುವಾಗ ಅತ್ತೆ–ಸೊಸೆಯರಲ್ಲಿ ಮಾತು ಬೆಳೆಯುವುದೂ ಉಂಟು. ಮಾಂಜ್ರಾ ಹರಿಯುವ ನಾಡಿಗೆ ನೀರಿನ ಬರವೇ ಎಂದು ಕೇಳಬೇಡಿ. 2016ರ ಏಪ್ರಿಲ್‌ನಲ್ಲಿ ಇದೇ ನದಿಯ ಮೇಲುಭಾಗದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು.

ಅಂಥ ವರ್ಷದಲ್ಲಿ ಯಾವುದನ್ನು ಸಾಯಲು ಬಿಡುವುದು ಎಂಬ ಲೆಕ್ಕ ಹಿತ್ತಲಿನ ಅತಿ ಕಠಿಣ ವಿದ್ಯೆ. ಸೊಪ್ಪಿನ ಮಡಿ ಮೊದಲು ಹೋಗಬೇಕು. ಅದು ಮಳೆ ಬಿದ್ದ ತಿಂಗಳಿಗೆ ಮತ್ತೆ ಬರುತ್ತದೆ. ಆಮೇಲೆ ಟೊಮೆಟೊ. ಬದನೆಯ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಕಡಿಮೆ ನೀರಿನಲ್ಲಿ ಜೀವ ಹಿಡಿದು ಮಳೆಗೆ ಚಿಗುರುತ್ತದೆ. ನುಗ್ಗೆ, ಕರಿಬೇವು ಬೇರೂರಿದ್ದರೆ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ. ಬಳ್ಳಿಗಳಲ್ಲಿ ಎಲ್ಲಕ್ಕೂ ಅರೆಹೊಟ್ಟೆ ನೀರು ಕೊಡುವುದಕ್ಕಿಂತ ಒಂದನ್ನು ಆರಿಸಿ ಉಳಿಸುವುದು ಜಾಣತನ. ಅದರ ನೆಟ್ಟನೆಯ, ರೋಗವಿಲ್ಲದ ಒಂದು ಕಾಯಿಯನ್ನು ಕೀಳದೆ ಬಿಟ್ಟು, ಬಳ್ಳಿಯಲ್ಲೇ ಒಣಗಿಸಿ, ಅಲುಗಾಡಿಸಿದಾಗ ಗಲಗಲ ಎಂದಮೇಲೆ ಇಳಿಸುತ್ತಾರೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿಟ್ಟರೆ, ಮೃಗಶಿರಾದ ಮೊದಲ ಮಳೆಗೆ ಊರಲು ಒಂದು ಮುಷ್ಟಿ, ಓಣಿಯವರು ಕೇಳಿದರೆ ಕೊಡಲು ಇನ್ನೊಂದು ಮುಷ್ಟಿ ಇರುತ್ತದೆ.