ಅನುಕರಣೆ: ಅರಿವಿಗಿಂತ ಮೊದಲು ಬರುವ ಕಲಿಕೆ

ಮನೆಯಲ್ಲಿ ಹಿರಿಯರು ಇಷ್ಟಲಿಂಗ ಪೂಜೆಗೆ ಕುಳಿತಾಗ ಎಳೆಯ ಮಗುವೊಂದು ಪಕ್ಕಕ್ಕೆ ಬಂದು ಕೂರುವುದನ್ನು ಭಕ್ತರೆಲ್ಲರೂ ಕಂಡಿರುತ್ತಾರೆ. ಅಜ್ಜ ವಿಭೂತಿ ಧರಿಸಿದಂತೆ ತಾನೂ ಹಣೆಯ ಮೇಲೆ ಮೂರು ಬೆರಳು ಎಳೆಯುತ್ತದೆ. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಬರಿಯ ಅಂಗೈಯನ್ನೇ ದಿಟ್ಟಿಸುತ್ತದೆ. ಅಜ್ಜ ನಡುವೆ ಕೆಮ್ಮಿದರೆ ತಾನೂ ಕೆಮ್ಮುತ್ತದೆ. ನಾವು ನಗುತ್ತೇವೆ. ಆದರೆ ಮನುಷ್ಯನ ಕಲಿಕೆಯ ವೈಶಿಷ್ಟ್ಯ ಆ ಕೆಮ್ಮಿನಲ್ಲಿಯೇ ಅಡಗಿದೆ.

ಪ್ರಾಣಿಗಳೂ ಒಂದನ್ನೊಂದು ಕಂಡು ಕಲಿಯುತ್ತವೆ. 1953ರಲ್ಲಿ ಜಪಾನಿನ ಕೋಶಿಮಾ ದ್ವೀಪದಲ್ಲಿ ಸಂಶೋಧಕರು ‘ಇಮೊ’ ಎಂದು ಹೆಸರಿಟ್ಟಿದ್ದ ಎಳೆಯ ಹೆಣ್ಣುಕೋತಿಯೊಂದು ಮರಳು ಮೆತ್ತಿದ ಸಿಹಿಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಕ್ರಮೇಣ ಅದರ ತಾಯಿ ಮತ್ತು ಒಡನಾಡಿ ಮರಿಗಳು ಆ ರೂಢಿಯನ್ನು ಹಿಡಿದವು. ವಯಸ್ಸಾದ ಗಂಡುಕೋತಿಗಳು ಮಾತ್ರ ಬಹುತೇಕ ಕಲಿಯಲಿಲ್ಲ! ಇದು ನಿಜವಾದ ಅನುಕರಣೆಯೋ, ನೀರಿನ ಬಳಿ ಸುಳಿದಾಡುತ್ತ ಒಂದೊಂದೂ ತಾನೇ ಕಂಡುಕೊಂಡದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ.

2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಪ್ರಕಟಿಸಿದ ಪ್ರಯೋಗವು ಇನ್ನೂ ಬೋಧಪ್ರದವಾಗಿದೆ. ತಿನಿಸು ಅಥವಾ ಬಹುಮಾನವಿದ್ದ ಪೆಟ್ಟಿಗೆಯನ್ನು ತೆರೆಯುವ ವಿಧಾನವನ್ನು ಚಿಂಪಾಂಜಿಗಳಿಗೂ ಮೂರು–ನಾಲ್ಕು ವರ್ಷದ ಮಕ್ಕಳಿಗೂ ತೋರಿಸಲಾಯಿತು. ಅದರಲ್ಲಿ ಮೇಲಿನ ರಂಧ್ರಕ್ಕೆ ಕೋಲು ಹಾಕುವ ಕ್ರಿಯೆ ತೀರ ನಿರರ್ಥಕ. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ಆ ಹಂತವನ್ನು ಕೈಬಿಟ್ಟು ನೇರವಾಗಿ ಬಾಗಿಲಿಗೆ ಕೈಹಾಕಿದವು. ಮಕ್ಕಳು ಮಾತ್ರ ತೋರಿಸಿದ್ದನ್ನೆಲ್ಲ ಮಾಡಿದರು.

ಇದು ಮಕ್ಕಳ ದಡ್ಡತನವಲ್ಲ. ಉಪ್ಪಿನಕಾಯಿಗೆ ಮಾವಿನ ಹೋಳುಗಳನ್ನು ಒರೆಸಿ ಆರಿಸುವುದನ್ನು ಬಾಲಕಿ ತಾಯಿಯನ್ನು ನೋಡಿ ಕಲಿಯುತ್ತಾಳೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆಂಬ ಕಾರಣ ತಿಳಿಯುವುದು ಎಷ್ಟೋ ಕಾಲದ ಮೇಲೆ. ಕಾರಣ ತಿಳಿದ ಬಳಿಕವೇ ಮಾಡುತ್ತೇನೆಂದು ಕುಳಿತಿದ್ದರೆ ತಲೆಮಾರುಗಳ ತಿಳಿವಳಿಕೆ ನಮ್ಮವರೆಗೆ ಬರುತ್ತಲೇ ಇರಲಿಲ್ಲ.

ಆದರೆ ಮಗುವಿಗೆ ಆಯ್ಕೆ ತಿಳಿಯದು. 1961ರಲ್ಲಿ ಆಲ್ಬರ್ಟ್ ಬಂಡೂರ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದೇ ರೀತಿ ಹೊಡೆದರು. ಕೆಲವರು ಅದೇ ಮಾತುಗಳನ್ನೂ ಆಡಿದರು. ಯಾರೂ ಅವರಿಗೆ ಕಲಿಸಿರಲಿಲ್ಲ. ಶ್ರೀಮಠಕ್ಕೆ ಬರುವ ಪೋಷಕರು “ಮಗನಿಗೆ ನಾಲ್ಕು ಬುದ್ಧಿಮಾತು ಹೇಳಿರಿ” ಎನ್ನುವಾಗ ಈ ಸಂಗತಿ ನನಗೆ ನೆನಪಾಗುತ್ತದೆ. ಹಾಗೆನ್ನುತ್ತಲೇ ಕೆಲವರ ಕಣ್ಣು ಮೊಬೈಲಿನ ಮೇಲಿರುತ್ತದೆ. ಹುಡುಗನ ಕಣ್ಣು ಅಪ್ಪನ ಕೈಯ ಮೇಲಿರುತ್ತದೆ.

ಅರಿವಿಲ್ಲದ ಆಚಾರವನ್ನು ಹನ್ನೆರಡನೆಯ ಶತಮಾನದ ಶರಣರು ಕಟುವಾಗಿ ಖಂಡಿಸಿದ್ದಾರೆ. ಹಾಗಾದರೆ ಬರಿಯ ಅಂಗೈ ನೋಡುವ ಆ ಮಗುವಿನದು ಡಂಬಾಚಾರವೇ? ಖಂಡಿತ ಅಲ್ಲ, ಅದು ಅರಿವಿನ ದಾರಿಯಲ್ಲಿದೆ. ಮುಂದೊಂದು ದಿನ ಅದು “ಅಜ್ಜಾ, ಕೈಯಲ್ಲಿ ಏನು ನೋಡ್ತೀರಿ?” ಎಂದು ಕೇಳುತ್ತದೆ. ಅಂದು ಅಜ್ಜ “ಸುಮ್ಮನೆ ಕೂಡು” ಎಂದು ಗದರಿದರೆ ಮಗು ಗದರುವುದನ್ನೂ ಕಲಿಯುತ್ತದೆ. ಪೂಜೆ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು, ತನ್ನೊಳಗಿನ ಚೈತನ್ಯವನ್ನೇ ಕುರುಹಾಗಿ ಕರಸ್ಥಲದಲ್ಲಿ ಕಾಣುತ್ತಿದ್ದೇನೆಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಲು ಐದು ನಿಮಿಷ ಸಾಕು.