ಸೋಲಾಪುರದಿಂದ ಹೊರಟ ಸೇನೆ: ಜನರಲ್ ಚೌಧುರಿ ಮತ್ತು 1948ರ ಹೈದರಾಬಾದ್

ಸೆಪ್ಟೆಂಬರ್ 17 ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪ್‌ಗಳಲ್ಲಿ ಹೈದರಾಬಾದ್ ಚರ್ಚೆ ಶುರು. ಒಬ್ಬರು ವಿಮೋಚನೆ ಅಂತಾರೆ, ಇನ್ನೊಬ್ಬರು ಹತ್ಯಾಕಾಂಡ ಅಂತಾರೆ. ಕರಾವಳಿಯವರಾದ ನಮಗೆ ನಿಜಾಮರ ಆಳ್ವಿಕೆಯ ನೆನಪಿಲ್ಲ, ಹಾಗಾಗಿ ಯಾರು ಏನು ಕಳಿಸಿದರೂ ನಂಬಿಬಿಡುವುದು ಸುಲಭ.

ಆಗ ಸೋಲಾಪುರ ಭಾರತದ ಮುಂಬೈ ಪ್ರಾಂತ್ಯದಲ್ಲಿತ್ತು. ಪಕ್ಕದ ಅಕ್ಕಲಕೋಟೆ ಇಂದಿಗೂ ಕನ್ನಡ ಕೇಳಿಸುವ ಊರು. ಅಲ್ಲಿಂದ ಗಡಿ ದಾಟಿ ಆಳಂದ, ಅಫಜಲಪುರದ ಕಡೆ ಹೋದರೆ ನಿಜಾಮರ ಸೀಮೆ. ದೇಶ ಇಬ್ಭಾಗವಾಗಿ ವರ್ಷವಷ್ಟೇ ಆಗಿತ್ತು. ನಿಜಾಮರು ಇತ್ತ ಭಾರತಕ್ಕೂ ಅತ್ತ ಪಾಕಿಸ್ತಾನಕ್ಕೂ ಸೇರದೆ ಉಳಿದಿದ್ದರು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಸುಲಿಗೆ, ಕೊಲೆಗಿಳಿದಿದ್ದರು. ರಜಾಕಾರರೆಂದರೆ ನಿಜಾಮರ ಸೇನೆಯಲ್ಲ, ಅದು ರಜ್ವಿಯ ಖಾಸಗಿ ಪಡೆ. ಇವರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. ಭಾರತಕ್ಕೆ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಆ ಆಗಸ್ಟ್‌ನಲ್ಲಿ ಕೊಲೆಯಾದರು. ಈ ಹೆಸರು ನಮ್ಮ ಹುಡುಗರಿಗೆ ಗೊತ್ತಿರಬೇಕು.

ಸೆಪ್ಟೆಂಬರ್ 13ರ ಮುಂಜಾನೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ಪಡೆ ಸೋಲಾಪುರದಿಂದ ಟ್ಯಾಂಕ್‌ಗಳ ಸಮೇತ ಹೊರಟಿತು. ಮೊದಲ ಗುರಿ ನಳದುರ್ಗ. ಅಲ್ಲಿ ಬೋರಿ ನದಿಯ ಸೇತುವೆಯನ್ನು ಎದುರಾಳಿ ಉಡಾಯಿಸಿದ್ದರೆ ಟ್ಯಾಂಕ್‌ಗಳೆಲ್ಲ ನಿಂತುಬಿಡುತ್ತಿದ್ದವು. ಅದಕ್ಕೆ ಮೊದಲೇ ಸೇತುವೆ ಭಾರತೀಯ ಸೇನೆಯ ಕೈಸೇರಿತು. 17ಕ್ಕೆ ನಿಜಾಮರು ಕದನವಿರಾಮ ಘೋಷಿಸಿದರು. ಮರುದಿನ ಹೈದರಾಬಾದ್ ಸೇನಾಪತಿ ಎಲ್ ಇದ್ರೂಸ್, ಚೌಧುರಿ ಎದುರು ಶರಣಾದರು. ಇಷ್ಟು ದೊಡ್ಡ ಸೇನಾ ದಾಳಿಗೆ ಇಟ್ಟ ಹೆಸರು 'ಪೊಲೀಸ್ ಕಾರ್ಯಾಚರಣೆ'! ಹೈದರಾಬಾದ್ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತಲ್ಲ, ಇದು ನಮ್ಮ ಮನೆಯೊಳಗಿನ ವಿಷಯ ಅಂತ ದೆಹಲಿಗೆ ತೋರಿಸಬೇಕಿತ್ತು.

ಸೇನಾಪತಿಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಚೌಧುರಿಯೇ ಮಿಲಿಟರಿ ಗವರ್ನರ್ ಆದರು, 1949ರ ಕೊನೆವರೆಗೂ ಆಡಳಿತ ಅವರದೇ. ಸೇನೆ ದಾಟಿಹೋದ ಜಿಲ್ಲೆಗಳಲ್ಲಿ ರಜಾಕಾರರ ಮೇಲಿನ ಸಿಟ್ಟು ಏನೂ ಮಾಡದ ಸಾಮಾನ್ಯ ಮುಸ್ಲಿಮರ ಮೇಲೆ ತಿರುಗಿತು. ನೆಹರೂ ಸರಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಆ ವರ್ಷಾಂತ್ಯದಲ್ಲಿ ಊರೂರು ತಿರುಗಿ, ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್‌ಗಳಲ್ಲಿ. ಮೊದಲಿನದು ಸೋಲಾಪುರದ ಪಕ್ಕ, ಎರಡನೆಯದು ಅಕ್ಕಲಕೋಟೆಯ ಪಕ್ಕ. ಸೋಲಾಪುರದಿಂದ ಹೋದ ಕೋಮುವಾದಿ ಸಂಘಟನೆಯವರೂ ಗಲಭೆಯಲ್ಲಿದ್ದರು, ಕೆಲವೆಡೆ ಸೈನಿಕರು, ಪೊಲೀಸರು ಲೂಟಿಯಲ್ಲಿ ಪಾಲ್ಗೊಂಡರು ಎಂದು ವರದಿ ಹೇಳುತ್ತದೆ. ಮುಸ್ಲಿಮರನ್ನು ಕಾಪಾಡಿದ ಸೇನಾಧಿಕಾರಿಗಳನ್ನೂ ಅದು ಮರೆತಿಲ್ಲ.

ಹಾಗಾದರೆ ಚೌಧುರಿ ತಪ್ಪಿತಸ್ಥರಾ? ಕೊಲ್ಲಲು ಅವರು ಆದೇಶಿಸಿದರು ಅನ್ನುವವರು ಪುರಾವೆ ಕೊಡಬೇಕು. ಆದರೆ ಐದು ದಿನದ ಯುದ್ಧಕ್ಕೆ ಮಾಡಿಕೊಂಡಷ್ಟು ತಯಾರಿ ಆಮೇಲಿನ ವಾರಗಳಲ್ಲಿ ಹಳ್ಳಿಗಳನ್ನು ಕಾಯಲು ಇರಲಿಲ್ಲ, ಅಧಿಕಾರವೆಲ್ಲ ಕೈಯಲ್ಲಿದ್ದವರ ಮೇಲೆ ಆ ಹೊಣೆ ಇದ್ದೇ ಇದೆ. ಮುಂದೆ ಅವರು ಭೂಸೇನೆಯ ಮುಖ್ಯಸ್ಥರಾಗಿ 1965ರ ಯುದ್ಧ ನಡೆಸಿದರು.

ವರದಿಯನ್ನು ಸರಕಾರ ಪ್ರಕಟಿಸಲೇ ಇಲ್ಲ. 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುವಂತಾಯಿತು. ಅದರಲ್ಲಿ ಒಂದು ಕಡೆ ನೇಕಾರರ ವಿಷಯ ಬರುತ್ತದೆ: ಮುಸ್ಲಿಂ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ದಂಗೆಕೋರರಿಗೆ ಎದುರು ನಿಂತರು, ಕೆಲವರು ಪ್ರಾಣವನ್ನೇ ಕೊಟ್ಟರು.